ಎರಡು ಡಬ್ಬಿ ಹಲ್ವ

ಎಂಬತ್ತರ ದಶಕದ ಕೊನೆಯಲ್ಲಿ ಒಮಾನಿನ ಬರ್ಕಾದ ನಮ್ಮ ಬಾಡಿಗೆ ಮನೆಗೆ ಪ್ರತಿ ಈದ್‌ಗೂ ಎರಡು ಡಬ್ಬಿ ಹಲ್ವ ಬರುತ್ತಿತ್ತು. ಒಂದು ಮನೆ ಓನರದ್ದು, ಇನ್ನೊಂದು ಪಕ್ಕದ ಮನೆಯವರದ್ದು. ಇಬ್ಬರೂ ಒಮಾನಿಗಳೇ, ಇಬ್ಬರೂ ತರುತ್ತಿದ್ದದ್ದು ಒಂದೇ ಅಂಗಡಿಯಿಂದ, ಒಂದೇ ತರದ ಡಬ್ಬಿಯಲ್ಲಿ. ಓನರ್ ಬೆಳ್ಳಗಿದ್ದರು. ಪಕ್ಕದವರ ಹಿರಿಯರು ಆಫ್ರಿಕಾದ ಜಂಜಿಬಾರಿನಿಂದ ಬಂದವರು, ಕಪ್ಪಗಿದ್ದರು. ಓನರ್ ಕೊಟ್ಟ ಡಬ್ಬಿ ಫ್ರಿಜ್ ಮೇಲೆ ನೆಂಟರಿಗಾಗಿ ಕಾಯುತ್ತಿತ್ತು. ಪಕ್ಕದವರದ್ದು ಹಿಂಬಾಗಿಲಿನಿಂದ ಕಸದ ಡ್ರಮ್ಮಿಗೆ ಹೋಗುತ್ತಿತ್ತು.

ಯಾಕೆಂದು ಕೇಳಿದರೆ ಅಮ್ಮ ಒಂದು ವರ್ಷ ಅದರಲ್ಲಿ ಯಾವ ಕೊಬ್ಬೋ ಅಂದಳು, ಮರುವರ್ಷ ಅವರ ಕೈ ಎಂತೆಂತ ಮುಟ್ಟಿರುತ್ತದೋ ಅಂದಳು. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ನಾನು ಒಂದು ವಿಷಯ ಸರಿಯಾಗಿ ಕಲಿತಿದ್ದೆ: ಕಾರಣ ಬದಲಾಗುತ್ತ ತೀರ್ಪು ಮಾತ್ರ ಹಾಗೇ ಉಳಿದರೆ, ಹೇಳಿದ್ದು ಕಾರಣವೇ ಅಲ್ಲ.

ಪಕ್ಕದ ಮನೆಯ ಹುಡುಗಿ ನನ್ನ ಓರಗೆಯವಳು. ಅವರ ಮನೆಯ ದೊಡ್ಡ ತಟ್ಟೆಗೆ ಎಲ್ಲರ ಜೊತೆ ಕೈಹಾಕಿ ನಾನು ಎಷ್ಟೋ ಸಲ ಉಂಡಿದ್ದೆ, ಅದು ಅಮ್ಮನಿಗೆ ಗೊತ್ತಿರಲಿಲ್ಲ. ಆ ವರ್ಷ ಈದ್ ಆಗಿ ಮೂರನೇ ದಿನ ನನ್ನ ಹುಟ್ಟುಹಬ್ಬ. ಅವಳನ್ನು ಕರೆಯಬೇಡ, ಊರಿನವರೆಲ್ಲ ಬರುತ್ತಾರೆ, ಅವಳಿಗೆ ಆಮೇಲೆ ಗೋಡೆ ಮೇಲಿಂದ ಕೇಕ್ ಕೊಡುವ ಅಂದಳು ಅಮ್ಮ. ನಾನು ಆಗಲೇ ಕರೆದಾಗಿತ್ತು.

ಅದಕ್ಕೂ ಮುಂಚೆ, ಈದ್ ದಿನವೇ, ಡಬ್ಬಿಗಳನ್ನು ಅದಲುಬದಲು ಮಾಡಿದ್ದೆ.

ಹುಟ್ಟುಹಬ್ಬದ ಸಂಜೆ ಅಮ್ಮ ಎಲ್ಲರಿಗೂ ಹಲ್ವ ಹಂಚಿದಳು, ತಾನೂ ಎರಡು ಸಲ ಹಾಕಿಕೊಂಡಳು. ಓನರ್ ಕಳಿಸಿದ್ದು, ರುಚಿಯಲ್ಲೇ ಗೊತ್ತಾಗುತ್ತದೆ ಒಳ್ಳೆ ಮನೆಯದ್ದು ಅಂತ, ಎಂದು ವಿವರಣೆ ಬೇರೆ. ಆಗ ಬೆಲ್ ಆಯಿತು. ಬಾಗಿಲಲ್ಲಿ ನನ್ನ ಗೆಳತಿ. ಅಮ್ಮ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತಳು.

ಗೆಳತಿಗೆ ತಿಳಿಯದ ಕನ್ನಡದಲ್ಲಿ ನಾನು ಹೇಳಿದೆ, "ಅಮ್ಮ, ನೀನು ಈಗ ತಿಂದದ್ದು ಇವರ ಮನೆ ಹಲ್ವ. ಓನರದ್ದನ್ನು ನೀನೇ ಡ್ರಮ್ಮಿಗೆ ಹಾಕಿದ್ದಿ."

ಒಳಗೆ ಎಲ್ಲರ ಚಮಚ ನಿಂತಿತು. ಅಪ್ಪನ ಆಫೀಸಿನವರ ಹೆಂಡತಿ, ಉಡುಪಿ ಕಡೆಯ ಕೊಂಕಣಿ ಆಂಟಿ, ಮೊದಲು ಬಾಯಿ ಬಿಟ್ಟರು. "ಯಾರದ್ದಾದರೆ ಎಂತ ಮಾರಾಯ್ತಿ, ನನಗೆ ಇನ್ನೊಂದು ಚಮಚ ಹಾಕು."

"ಎಲ್ಲರೆದುರು ನನ್ನ ಮಾನ ತೆಗೆದೆಯಲ್ಲ," ಅಮ್ಮ ಪಿಸುಗುಟ್ಟಿದಳು.

"ಇವಳನ್ನು ಎಲ್ಲರೆದುರು ವಾಪಸ್ ಕಳಿಸುವುದಕ್ಕೆ ಎಂತ ಹೇಳುವುದು?"

ಅಮ್ಮನ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. ಗೆಳತಿ ಬಂದು ನನ್ನ ಪಕ್ಕ ಕುಳಿತಳು, ಹಲ್ವ ಬಾಯಿಗಿಟ್ಟು ತಮ್ಮ ಮನೆಯದ್ದರ ಹಾಗೇ ಇದೆ ಎಂದು ಹಿಂದಿಯಲ್ಲಿ ಹೊಗಳಿದಳು. ಅಮ್ಮ ಅಡುಗೆಮನೆಗೆ ಹೋದಳು.

ಕ್ಷಮೆ ಕೇಳು ಎಂದು ಅಪ್ಪ ಒಂದು ವಾರ ಹೇಳಿದರು. ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಮುಂದಿನ ಈದ್‌ಗೆ ಎರಡೂ ಡಬ್ಬಿ ಫ್ರಿಜ್ ಮೇಲಿದ್ದವು. ಅಮ್ಮನ ಮನಸ್ಸು ಬದಲಾಯಿತೋ, ನಾನು ಮತ್ತೆ ಅದಲುಬದಲು ಮಾಡಿರಬಹುದೆಂಬ ಅನುಮಾನವೋ ಗೊತ್ತಿಲ್ಲ. ಗೆಳತಿ ಮಾತ್ರ ಆಮೇಲೆ ಬೆಲ್ ಒತ್ತದೆ ಒಳಗೆ ಬರುತ್ತಿದ್ದಳು.