ಕಲ್ಲಿನ ಕಲಶ ತೋರಿಸಿದ ಕಾಕಾ

ಅವರ ಬಲಗೈ ಬೆರಳುಗಳಿಗೆ ಸದಾ ಪೆನ್ಸಿಲ್ಲಿನ ಕಪ್ಪು ಮೆತ್ತಿರುತ್ತಿತ್ತು. ಸಮಾಧಿಗಳ ಮೇಲೆ ಕಾಗದ ಹಿಡಿದು ಉಜ್ಜಿ ಕೆತ್ತನೆಯ ಅಚ್ಚು ತೆಗೆಯುವುದು ಅವರ ನಲವತ್ತು ವರ್ಷಗಳ ಅಭ್ಯಾಸ. ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ನಮ್ಮ ಮೇಲಿನ ಮನೆಯವರು. ಧಾರವಾಡದಿಂದ ಓದಲು ಬಂದು, ಕಲೆಯ ಇತಿಹಾಸ ಕಲಿಸುತ್ತ ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಸ್ಕಾಟ್ಲೆಂಡಿನ ಊರೂರ ಚರ್ಚುಗಳಲ್ಲಿರುವ ಸ್ಮಾರಕಗಳು ಅವರ ವಿಷಯ. ಪ್ರತಿ ಬೇಸಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಊಟದ ಮೇಜಿನ ತುಂಬ ಅಚ್ಚುಗಳು. ಉಪ್ಪಿಟ್ಟಿನ ತಟ್ಟೆ ಇಡಲು ಜಾಗ ಹುಡುಕಬೇಕು.

"ಇಂವಾ ಹಳ್ಳಿ ಜಮೀನ್ದಾರ. ಅಂಥಾ ಥಂಡಿ ಊರಾಗ ರೋಮಿನವರಂಗ ಬರೇ ಒಂದು ಶಲ್ಯೆ ಹೊದಿಸಿ ನಿಲ್ಲಿಸ್ಯಾರ ನೋಡು," ಎಂದು ನಗುತ್ತಿದ್ದರು.

ಒಂದು ಚಳಿಗಾಲ ಊರಲ್ಲಿ ಅವ್ವ ತೀರಿಕೊಂಡಳು. ಹಿಮ ಬಿದ್ದು ವಿಮಾನಗಳು ರದ್ದಾಗಿದ್ದವು. ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆ. ಕಣ್ಣೀರು ಬರಲಿಲ್ಲ. ಮರುದಿನ ಆಫೀಸಿಗೂ ಹೋದೆ. ಮೂರನೆಯ ದಿನ ಕಾಕಾ ನನ್ನನ್ನು ಇಲ್ಲಿಯ ಸ್ಮಶಾನಕ್ಕೆ ಕರೆದೊಯ್ದು ಹಳೆಯ ಸಮಾಧಿಯೊಂದರ ಮುಂದೆ ನಿಲ್ಲಿಸಿದರು. ಅದರ ಮೇಲೆ ಬಟ್ಟೆ ಅರ್ಧ ಮುಚ್ಚಿದ ಕಲ್ಲಿನ ಕಲಶ.

"ಬೂದಿ ಕಲಶ ಇದು, ಗ್ರೀಕರದು. ಸ್ಕಾಟ್ಲೆಂಡಿನ್ಯಾಗೂ ಇದ ಐತಿ. ಅಲ್ಲಿ ಚರ್ಚು ಭಾಳ ಬಿಗಿ. ಮೂರ್ತಿ, ದೀಪ ಏನೂ ಕೂಡದು ಅಂತಿತ್ತು. ಆದ್ರ ಮಂದಿಗೆ ದುಃಖ ತಡೀಬೇಕಲ್ಲ? ಗ್ರೀಕರ ಕಲಶಾ, ರೋಮಿನ ಅಳೂ ಹೆಂಗಸರು, ಎಲ್ಲಾನೂ ಸಾಲಾ-ಕಡಾ ತಂದು ಗೋಡಿಗೆ ನಿಲ್ಲಿಸಿದ್ರು. ತಮ್ಮ ಬದಲಿ ಕಲ್ಲು ಅಳಲಿ ಅಂತ."

ಚೀಲದಿಂದ ಕಾಗದ, ಪೆನ್ಸಿಲ್ಲು ತೆಗೆದರು. "ನೀ ಯಾರನ್ನೂ ಕಡಾ ತರಬ್ಯಾಡ. ಇಲ್ಲಿ ಯಾರೂ ಇಲ್ಲ. ಅತ್ತುಬಿಡು."

ನಾನು ಅತ್ತೆ. ಅವರು ನನಗೆ ಬೆನ್ನು ಮಾಡಿ ನಿಂತು ಆ ಕಲಶದ ಅಚ್ಚು ತೆಗೆಯತೊಡಗಿದರು.

ಹಿಂದಿರುಗುವಾಗ ಕೇಳಿದೆ: "ಕಾಕೂ ಹೋದಾಗ ನೀವು ಅತ್ತಿದ್ರೇನ್ರಿ?"

"ಎಲ್ಲೀದು? ಫಾರ್ಮ್ ತುಂಬೂದ್ರಾಗ ಮುಗದುಹೋತು."

ಕಳೆದ ವರ್ಷ ಅವರ ಹೃದಯ ನಿಂತಿತು. ಸ್ಮಶಾನದ ಪ್ರಾರ್ಥನಾ ಕೋಣೆಯಲ್ಲಿ ಅವರ ಶವಪೆಟ್ಟಿಗೆಯ ಮುಂದೆ ನಾವು ಏಳು ಜನ. ಒಬ್ಬರು ಅವರ ಪದವಿ, ಪುಸ್ತಕಗಳ ಪಟ್ಟಿ ಓದಿ, ಯಾರಾದರೂ ಮಾತಾಡುವಿರಾ ಎಂದು ಕೇಳಿದರು. ಜರ್ಮನ್‌ನಲ್ಲಿ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತಾಗ ಬಾಯಿಗೆ ಬಂದದ್ದು ಕನ್ನಡ. ನಿಲ್ಲಿಸಲಾಗಲಿಲ್ಲ, ಎಲ್ಲವನ್ನೂ ಹೇಳಿದೆ. ಉಳಿದವರು ತಲೆತಗ್ಗಿಸಿ, ಒಂದು ಪದವೂ ತಿಳಿಯದೆ, ಕೊನೆತನಕ ಕೇಳಿದರು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.