ತಿನ್ನದೆ ಬಿಟ್ಟ ಕುರಿ

ಕೊರ್ಲಹಳ್ಳಿಯಿಂದ ಹೆಣ್ಣು ನೋಡಲು ಬಂದವರು ಹುಡುಗ, ಅವನ ತಂದೆ-ತಾಯಿ ಮತ್ತು ಅವನ ಅಜ್ಜಿ. ಹುಡುಗ ಹೊಳೆದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಯಾವುದೋ ಮದುವೆಯಲ್ಲಿ ನನ್ನ ಮಗಳನ್ನು ನೋಡಿದ್ದ, ಅವಳೂ ನೋಡಿದ್ದಳು. ಇವನಾದರೆ ಸರಿ, ಇಲ್ಲದಿದ್ದರೆ ಇನ್ನು ಯಾರ ಮುಂದೆಯೂ ಬಂದು ಕೂರುವುದಿಲ್ಲ ಎಂದು ತಾಯಿಗೆ ಹೇಳಿಬಿಟ್ಟಿದ್ದಳು.

ನಮ್ಮ ಮಂದಿಯಲ್ಲಿ ಬಂದವರು ಶಿರಾ ಬಾಯಿಗಿಟ್ಟರೆ ಸಂಬಂಧ ಕೂಡಿತು, ಮುಟ್ಟದೆ ಎದ್ದರೆ ಮುಂದೆ ಮಾತಿಲ್ಲ. ಹಿಂದಿನ ವರ್ಷ ಶಿರಹಟ್ಟಿಯಿಂದ ಬಂದವರು ಹಾಗೇ ಎದ್ದು ಹೋಗಿದ್ದರು. ಆ ತಟ್ಟೆಗಳನ್ನು ತೊಳೆದವಳು ನನ್ನ ಮಗಳೇ.

ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು ಎಂದು ಮೊದಲೇ ತಿಳಿದಿತ್ತು. ಅವಳು ಒಳಗೆ ಬರಲಿಲ್ಲ. "ಒಳಗ ಸೆಕಿ ಭಾಳ ಐತಿ, ನಾ ಇಲ್ಲೇ ಕುಂಡ್ರತೀನಿ" ಎಂದು ಹೊರಗಿನ ಕಟ್ಟೆಯಲ್ಲೇ ಕೂತಳು. ಕೈಯೂರಿದ ಕಲ್ಲನ್ನು ನೋಡಿ ಅವಳ ಮುಖ ಅರಳಿತು. ಅದರ ಮೇಲೆ ನಾನು ಹುಲಿ-ಕುರಿ ಆಟದ ಮನೆಗಳನ್ನು ಕಡೆದಿದ್ದೆ.

"ಯಾರ ಕೈ ಇದು?"

"ನಂದ ರಿ ಅಮ್ಮಾರ."

ನಾನು ಗೌಂಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಬೆಟಗೇರಿಯಲ್ಲಿ ನಾನು ಎಬ್ಬಿಸಿದ ಗೋಡೆ ಒಂದೂ ಬಿರುಕು ಬಿಟ್ಟಿಲ್ಲ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆಟವೂ ಕೆಲಸದ ಜೊತೆಗೇ ಬಂದದ್ದು. ನನಗೆ ಕರಣೆ ಹಿಡಿಯಲು ಕಲಿಸಿದ ಲಕ್ಷ್ಮೇಶ್ವರದ ಮುಸಲ್ಮಾನ ಉಸ್ತಾದರು ಬುತ್ತಿ ಬಿಚ್ಚುವ ಮೊದಲು ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಅವರಿಗೆ ಅವರ ತಾಯಿ ಕಲಿಸಿದ್ದರಂತೆ. ಅದೇ ಗೆರೆಗಳನ್ನು ಹಳೆಯ ಗುಡಿಗಳ ನೆಲದ ಮೇಲೂ ದರ್ಗಾದ ಮೆಟ್ಟಿಲ ಮೇಲೂ ಕಂಡಿದ್ದೇನೆ. ಮೊನ್ನೆ ಮೊನ್ನೆ ಗದಗಿನಲ್ಲಿ ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿದ್ದಾಗ ಅಲ್ಲಿನ ನೇಪಾಳದ ಕಾವಲುಗಾರ ಸಿಮೆಂಟಿನ ನೆಲದ ಮೇಲೆ ಚೌಕ ಬರೆದು ನಾಲ್ಕು ಹುಲಿ ಇಟ್ಟ. ನಮ್ಮಲ್ಲಿ ಮೂರೇ. ಅವನ ಮಾತು ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ಆದರೆ ಕುರಿ ಹೋದಾಗ ಅವನು ನಾಲಿಗೆ ಕಚ್ಚಿಕೊಂಡ ರೀತಿ ನಮ್ಮೂರಿನದೇ. ಮೊದಲ ದಿನ ಅವನಿಗೆ ಸೋತೆ. ಆಮೇಲೆ ಸೋಲಲಿಲ್ಲ.

"ಒಂದ ಆಟ ಹಾಕೂಣು ಬರ್ರಿ" ಎಂದಳು ಅಜ್ಜಿ. "ಹುಲಿ ನೀವ ಇಟಗೋರಿ. ಹೊಲದಾಗ ಕುರಿ ಕಾಯ್ದಾಕಿ ನಾ, ಕುರೀನ ಕೊಡ್ರಿ."

ಹದಿನೈದು ಹುಣಸೆ ಬೀಜ ಕುರಿಗಳಾದವು, ಮೂರು ಕಲ್ಲುಚೂರು ಹುಲಿಗಳು. ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಹಾರಿ ಅದನ್ನು ತಿನ್ನಬೇಕು. ಹುಲಿಗಳು ಅಲುಗದಂತೆ ಕುರಿಗಳು ಸುತ್ತುಗಟ್ಟಬೇಕು. ಅಷ್ಟೇ ಆಟ.

ಒಳಗಿನಿಂದ ಉಪ್ಪಿಟ್ಟು, ಶಿರಾ ಬಂತು. ಅಜ್ಜಿ ತಟ್ಟೆಯನ್ನು ಪಕ್ಕಕ್ಕಿಟ್ಟಳು. ತಟ್ಟೆ ತಂದ ನನ್ನ ಹೆಂಡತಿ ಬಾಗಿದಾಗ ಪಿಸುಗುಟ್ಟಿದಳು: "ರೀ, ಇವತ್ತೊಂದಿನ ನಿಮ್ಮ ಶ್ಯಾಣೇತನ ಬದಿಗಿಡ್ರಿ. ಹೆಣ್ಣಿನ ಕಡಿಯವರು ನಾವು."

ಅವಳು ಹೇಳಿದ್ದು ನಿಜವೇ. ಹೆಣ್ಣು ಕೊಡುವವನು ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು, ನಮ್ಮಲ್ಲಿ ನಡೆದುಬಂದದ್ದು ಹಾಗೆ. ಸ್ವಲ್ಪ ಹೊತ್ತಿಗೆ ಒಂದು ಕುರಿ ನನ್ನ ಹುಲಿಯ ಮುಂದೆ ಬಂದು ಕೂತಿತು, ಹಿಂದೆ ಮನೆ ಖಾಲಿ. ನನ್ನ ಬೆರಳು ತಾನಾಗಿಯೇ ಅತ್ತ ಹೋಯಿತು. ತಡೆದು ಬೇರೆ ಹುಲಿಯನ್ನು ನಡೆಸಿದೆ. ಮತ್ತೊಂದು ಕುರಿ ಹಾಗೇ ಬಂತು. ಅದನ್ನೂ ಬಿಟ್ಟೆ. ಬೇಗನೇ ಮೂರೂ ಹುಲಿ ಕಟ್ಟಿಬಿದ್ದವು.

"ನೀವ ಗೆದ್ರಿ ಅಮ್ಮಾರ" ಎಂದು ನಕ್ಕೆ.

ಅವಳು ನಗಲಿಲ್ಲ. "ಆ ಕುರಿ ಯಾಕ ತಿನ್ನಲಿಲ್ಲ?"

"ಕಾಣಲಿಲ್ಲ ರಿ."

"ಎರಡ ಸಲ ಕಾಣಲಿಲ್ಲ? ನಾ ಬೇಕಂತನ ಇಟ್ಟಿದ್ದೆ ತಮ್ಮಾ, ನೀ ಏನ್ ಮಾಡ್ತಿ ನೋಡಾಕ." ಬಹುವಚನ ಹೋಗಿತ್ತು. "ನಾಳೆ ನನ್ನ ಮೊಮ್ಮಗ ತಪ್ಪ ಮಾಡಿದ್ರೂ ಹಿಂಗ ಕಾಣಲಿಲ್ಲ ಅಂತೀ? ನಿನ್ನ ಮಗಳಿಗೂ ಇದನ್ನ ಕಲಿಸೀದಿಯೇನು? ಮುಂದೊಂದು ಮಾಡಿ ಒಳಗೊಂದು ಇಟಗೊಳ್ಳೂ ಮಂದಿ ನಮಗ ಬ್ಯಾಡ."

ಬಾಗಿಲಲ್ಲಿ ಬಳೆಗಳ ಸದ್ದು ನಿಂತಿತು. ಮಗಳು ಅಲ್ಲಿದ್ದಳು. ಹುಡುಗ ಹೊರಗೆ ಬಂದು "ಅಜ್ಜೀ, ಆಟ ಅಲ್ಲೇನ, ಬಿಡ" ಎಂದ.

"ನೀ ಸುಮ್ಮನ ಕುಂಡ್ರಲೇ. ಆಟದಾಗ ಬಿಟ್ರ ಮನಶ್ಯಾರು ಎಲ್ಲಿ ತಿಳೀತಾರ?" ಅವಳು ಬೀಜಗಳನ್ನು ಬಾಚಿಕೊಂಡಳು. ಏಳುತ್ತಾಳೆ ಎಂದುಕೊಂಡೆ. "ಇನ್ನೊಮ್ಮೆ ಹೂಡು" ಎಂದಳು.

ನನಗೆ ಸಿಟ್ಟು ಬಂದಿತ್ತು. ಸೋತುಕೊಟ್ಟಿದ್ದಕ್ಕೆ ಬೈಸಿಕೊಳ್ಳುವುದು ನನ್ನ ಹಣೆಯಲ್ಲಿ ಎಲ್ಲಿತ್ತು? ಈ ಸಲ ಕಂಡ ಕುರಿಯನ್ನೆಲ್ಲ ತಿಂದೆ. ಒಂದು, ಇನ್ನೊಂದು, ಬೆನ್ನಿಗೇ ಮತ್ತೊಂದು. ಹುಡುಗನ ತಂದೆ ಬಂದು ನಿಂತು ಕೆಮ್ಮಿದರು. ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದಳು. ಗೆದ್ದರೆ ಮುದುಕಿಗೆ ಅವಮಾನ. ಸೋತರೆ ಮತ್ತೆ ನಾಟಕವೆಂದು ಎದ್ದು ಹೋಗುತ್ತಾಳೆ. ಇದೆಲ್ಲ ತಲೆಯಲ್ಲಿ ಓಡುತ್ತಿರುವಾಗಲೇ ನೋಡಿದೆ, ನನ್ನ ಒಂದು ಹುಲಿ ಮೂಲೆಯಲ್ಲಿ ಸಿಕ್ಕಿಬಿದ್ದಿದೆ.

ಆಮೇಲೆ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಬೀಗತನ ಮರೆತೆ, ಮಗಳನ್ನೂ ಮರೆತೆ. ಎರಡನೇ ಹುಲಿಯನ್ನು ಎಳೆದು ತಂದೆ, ಅದರ ಹಿಂದೆ ಬೀಜಗಳು ಒಂದೊಂದೇ ಬಂದು ಬಾಗಿಲು ಮುಚ್ಚಿದವು. ಮುದುಕಿ ಹಾರಲು ಜಾಗ ಬಿಡದೆ ಕುರಿಗಳನ್ನು ಜೋಡಿ ಜೋಡಿಯಾಗಿ ನಡೆಸುತ್ತಿದ್ದಳು. ಉಳಿದ ಒಂದೇ ಹುಲಿಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತೆ. ದಾರಿ ಇರಲಿಲ್ಲ.

"ಸೋತೆ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವಳು ನನ್ನ ಮುಖವನ್ನೇ ನೋಡಿದಳು. "ಖರೇನ?"

"ಖರೇ ರಿ! ಹಂಗ್ಯಾಕ ಕೇಳ್ತೀರಿ? ಸೋತೀನಿ ಅಂದ್ರ ಸೋತೀನಿ!"

ಅಳಿಯನಾಗಬೇಕಾದವನ ಅಜ್ಜಿಯ ಮೇಲೆ ಕೂಗಿದ್ದೆ. ಮುದುಕಿ ನನ್ನ ಕೆಂಪಾದ ಕಿವಿಗಳನ್ನು ನೋಡಿದಳು, ಬೆವರನ್ನು ನೋಡಿದಳು. ಆಮೇಲೆ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಉಪ್ಪಿಟ್ಟು ಬಿಟ್ಟು ನೇರ ಶಿರಾಕ್ಕೇ ಬೆರಳು ಹಾಕಿ ಒಂದು ತುತ್ತು ಬಾಯಿಗಿಟ್ಟಳು.

"ಆರೇತಿ" ಎಂದಳು, "ಆದ್ರೂ ಚಲೋ ಆಗೇತಿ."

ಹೆಂಡತಿ ಓಡಿ ಒಳಗೆ ಹೋದಳು. ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ನೋಡಲಿಲ್ಲ. ಎರಡನೇ ಹುಲಿಯನ್ನು ಎಲ್ಲಿ ಕಳೆದುಕೊಂಡೆ ಎಂದು ಬೀಜಗಳನ್ನು ಹಿಂದಕ್ಕೆ ಸರಿಸುತ್ತ ಕೂತಿದ್ದೆ. ಯಾರೋ ನನ್ನ ಬಾಯಿಗೆ ಸಕ್ಕರೆ ಹಾಕಿದರು.