ಮಿತ್ರರಾಜ ನುಂಗಿದ ಊರು

ವೈರಿಯನ್ನು ನಾನು ಎಂದೂ ಬೈದವನಲ್ಲ. ಬರುತ್ತಾನೆ, ಹೊಡೆಯುತ್ತಾನೆ, ಅದು ಅವನ ಕೆಲಸ. ಕಂಪ್ಯೂಟರಿನ ಯುದ್ಧದಾಟಗಳಲ್ಲಿ ನನಗೆ ಹೇಸಿಗೆ ಹುಟ್ಟಿಸಿದವರು ಮಿತ್ರರು. ಚದುರಂಗದ ಹಾಗೆ ಸರದಿಯ ಮೇಲೆ ನಡೆಯುವ ಆಟ. ನಾನೊಬ್ಬ ರಾಜ, ಉಳಿದ ರಾಜರನ್ನೆಲ್ಲ ಯಂತ್ರವೇ ಆಡಿಸುತ್ತದೆ. ಅವರೊಡನೆ ಸ್ನೇಹದ ಒಪ್ಪಂದ ಮಾಡಿಕೊಳ್ಳಬಹುದು. ಮಾಡಿಕೊಂಡೆ, ಕೆಟ್ಟೆ.

ಆ ಬೇಸಿಗೆಯಲ್ಲಿ ನಮ್ಮ ಸೋದರತ್ತೆ ಡಾಕ್ಟರಿಗೆ ಮೊಣಕಾಲು ತೋರಿಸಲು ಬೀದರ ಕಡೆಯಿಂದ ಬಂದು ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲಿದ್ದರು. ಭಾನುವಾರ ಊಟವಾದ ಮೇಲೆ ನನ್ನ ಲ್ಯಾಪ್‌ಟಾಪಿನ ಪಕ್ಕ ಕಾಲು ಚಾಚಿ ಕೂರುತ್ತಿದ್ದರು. ನದಿ ದಂಡೆಯ ಪಟ್ಟಣವೊಂದಕ್ಕೆ ಅವರ ತವರೂರಿನ ಹೆಸರಿಟ್ಟದ್ದೇ ನನ್ನ ತಪ್ಪು. ಅಂದಿನಿಂದ ಅದು ಆಟವಾಗಿ ಉಳಿಯಲಿಲ್ಲ. ಎರಡನೇ ಭಾನುವಾರ ವೈರಿ ಅದನ್ನು ಕಿತ್ತುಕೊಂಡಾಗ ಅತ್ತೆ ಚಹಾ ಮುಟ್ಟಲಿಲ್ಲ.

"ನಾ ಊರಿಗಿ ಹೋಗೋದ್ರಾಗ ಅದು ನಮ್ಮ ಕೈಗಿ ಬರಬೇಕು ನೋಡು ತಮ್ಮಾ."

ಅದಕ್ಕಾಗಿಯೇ ನೆರೆಯ ರಾಜನ ಸ್ನೇಹ ಮಾಡಿದೆ. ಮೂವತ್ತು ಸರದಿಯ ಒಪ್ಪಂದ. ಅಷ್ಟರೊಳಗೆ ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ. ಅವನಿಗೆ ಕುದುರೆ ಕೊಟ್ಟೆ, ಕಬ್ಬಿಣ ಕೊಟ್ಟೆ. ನನ್ನ ಸೈನ್ಯ ಆ ಊರಿನ ಕೋಟೆಗೆ ಕಲ್ಲೆಸೆಯುತ್ತ ಅರ್ಧ ಸತ್ತಿತು. ಮಿತ್ರನ ದಂಡು ಗುಡ್ಡದ ಮೇಲೆ ನಿಂತು ನೋಡುತ್ತಿತ್ತು.

"ಅವ ಯಾಕ ಅಲ್ಲೇ ನಿಂತಾನ?"

"ನಮ್ಮ ಮಿತ್ರ ಅತ್ತಿ. ಬರ್ತಾನ್ರಿ."

"ಯಾವಾಗ, ನಮ್ಮ ತಿಥಿಗೇನು?"

ಬಂದ. ಗೋಡೆ ಬಿದ್ದು, ಒಳಗೆ ಕಾವಲಿಗೆ ಒಬ್ಬನೂ ಉಳಿಯದ ಹೊತ್ತಿಗೆ ಸರಿಯಾಗಿ ಬಂದ. ಒಬ್ಬನೇ ಒಬ್ಬ ಕುದುರೆ ಸವಾರನನ್ನು ಒಳಗೆ ಕಳಿಸಿ ಊರನ್ನು ತನ್ನದು ಮಾಡಿಕೊಂಡ. ನನಗೆ ಮರಳಿಸಲಿಲ್ಲ. ಮೇಲೆ ಸಂದೇಶ ಬೇರೆ: ನಮ್ಮ ಸ್ನೇಹದ ವಿಜಯಕ್ಕೆ ಅಭಿನಂದನೆ. ಬೆನ್ನಿಗೇ ವೈರಿಯೊಡನೆ ರಾಜಿಯನ್ನೂ ಮಾಡಿಕೊಂಡ.

"ಕೂಳಿಗಿ ಮುಂದ, ಕೆಲಸಕ್ಕ ಹಿಂದ. ಇಂಥ ಬೀಗರನ್ನ ನಾ ಭಾಳ ಮಂದಿ ನೋಡೀನಿ," ಎಂದರು ಅತ್ತೆ. "ಹೊಡಿ ಅವನಿಗಿ!"

"ಒಪ್ಪಂದ ಐತ್ರಿ. ಇನ್ನೂ ಇಪ್ಪತ್ತು ಸರದಿ ಹೊಡಿಯಂಗಿಲ್ಲ."

ಅತ್ತೆ "ಮಾತು ಕೊಟ್ಟೀದಿ ಅಂದ್ರ ಮುಗೀತು," ಎಂದರು. ನಾವು ವಾರಕ್ಕೆ ಹತ್ತು ಸರದಿ ಆಡುವವರು. ಎರಡು ಭಾನುವಾರ ಕಾಯಬೇಕು. ಮೂರನೆಯದರ ಮರುದಿನ ಅವರ ಬಸ್ಸು.

ನಾನೂ ಸುಮ್ಮನೆ ಕೂರಲಿಲ್ಲ. ಒಪ್ಪಂದ ಮುಗಿದ ಗಳಿಗೆಗೆ ನುಗ್ಗಲೆಂದು ಆ ಊರಿನ ಸುತ್ತ ದಂಡು ನಿಲ್ಲಿಸಿದೆ. ಕೂಡಲೇ ಮಿತ್ರನ ಪ್ರಶ್ನೆ ಬಂತು: ನಿಮ್ಮ ಸೈನ್ಯ ನಮ್ಮ ಗಡಿಯಲ್ಲೇಕೆ? ಉತ್ತರಕ್ಕೆ ಎರಡೇ ಗುಂಡಿ. ಒಂದು, ಒಪ್ಪಂದ ಮುರಿದು ಈಗಲೇ ಯುದ್ಧ. ಇನ್ನೊಂದು, ಸುಮ್ಮನೆ ಹಾದು ಹೋಗುತ್ತಿದ್ದೇವೆ. ಎರಡನೆಯದನ್ನು ಒತ್ತಿದೆ.

"ಏನಂದಿ ಅವನಿಗಿ?"

"ಹಾದು ಹೊಂಟೀವಿ ಅಂದೆ."

"ಹಂಗಾರ ಹಾದು ಹೋಗು."

"ಅತ್ತಿ, ಅದು ಮಷೀನ್ ರೀ! ಅವ ನಮ್ಮೂರೇ ನುಂಗ್ಯಾನ!"

"ಅವ ಕಳ್ಳ, ಖರೇ. ನಾಲಿಗಿ ನಿಂದಲ್ಲೇನು? ತಗಿ ದಂಡು."

ತೆಗೆದೆ. ಹಲ್ಲು ಕಚ್ಚಿ, ಎಂಟು ಸರದಿಯ ದೂರಕ್ಕೆ ಎಲ್ಲರನ್ನೂ ನಡೆಸಿದೆ. ಇಷ್ಟು ಮರ್ಯಾದೆಗೆ ಆ ರಾಜ ಕೊಟ್ಟ ಬೆಲೆ ಸೊನ್ನೆ. ಮರುಸರದಿಯಲ್ಲೇ ಇನ್ನಷ್ಟು ಕುದುರೆ ಕೇಳಿದ.

ಕೊನೆಯ ಭಾನುವಾರ ಮೊದಲ ಸರದಿಗೇ ಒಪ್ಪಂದ ಮುಗಿಯಿತು. ಸ್ನೇಹ ಮುಂದುವರಿಸೋಣವೇ ಎಂದು ನಗುಮುಖದ ಚಿತ್ರ ಬಂತು. "ಏನಂತಾನ ಮುಖೇಡಿ?" ಎಂದರು ಅತ್ತೆ. ನಿರಾಕರಿಸಿ, ಯುದ್ಧ ಸಾರಿ, ದೂರದಿಂದ ದಂಡು ಹೊರಡಿಸಿದೆ. ಎಂಟನೇ ಸರದಿಗೆ ಊರ ಮುಂದೆ ನಿಂತೆವು. ಒಂಬತ್ತನೆಯದಕ್ಕೆ ಒಳಗೆ. ಆ ಸುಡುಗಾಡು ರಾಜ ಕಾವಲಿಗೆ ಇಟ್ಟಿದ್ದು ಅದೇ ಒಬ್ಬ ಸವಾರನನ್ನು.

ಅತ್ತೆ ಚಪ್ಪಾಳೆ ತಟ್ಟುವಷ್ಟರಲ್ಲಿ ಪರದೆಯ ತುಂಬ ಸಂದೇಶಗಳು. ಒಬ್ಬೊಬ್ಬ ರಾಜನೂ ಬಂದು ಛೀಮಾರಿ ಹಾಕಿ ಹೋದ. ಊರನ್ನು ಮೊದಲು ಕಿತ್ತುಕೊಂಡ ವೈರಿಯೂ ಬಂದ.

"ಏನಂತಾರ?"

"ನಾವು ನಂಬಿಕಿ ದ್ರೋಹಿ ಅಂತ್ರಿ. ಪರರ ಊರು ಕಸಗೊಂಡೀವಂತ."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಆ ಮುಖಗಳನ್ನು ಒಂದೊಂದಾಗಿ ನೋಡಿದರು. ಸಿಟ್ಟು ಬರಲಿಲ್ಲ ಅವರಿಗೆ; ಸಿಟ್ಟಿಗೂ ಒಂದು ಯೋಗ್ಯತೆ ಬೇಕಲ್ಲ.

"ಊರಾಗ ಯಾರರ ಉಳಿದಾರೇನು?"

ಹನ್ನೆರಡು ಸಾವಿರವಿದ್ದ ಜನಸಂಖ್ಯೆ ಒಂದು ಸಾವಿರಕ್ಕೆ ಇಳಿದಿತ್ತು. ಕಟ್ಟಿಸಿದ್ದೆಲ್ಲ ನೆಲಸಮ. ಹೇಳಿದೆ.

"ಇವರು ಬೈಕೋತ ಕೂಡ್ಲಿ," ಎಂದರು. "ನೀ ಮೊದಲ ನೆಲದಾಗ ಹಗೇವು ತೋಡಿಸಿ ಕಾಳು ತುಂಬ್ಸು. ಉಳಿದವ್ರು ಉಣಲಿ."